ಸಂಕದ ಮೇಲೆ ಎರಡು ಹರಕೆ

ಮಡಿಬೈಲು ಅಮ್ಮನವರ ಯಕ್ಷಗಾನ ಮೇಳದ ಆಫೀಸಿನಲ್ಲಿ ರಸೀದಿ ಬರೆಯುತ್ತ, ಫೋನು ಎತ್ತುತ್ತ ಒಂದು ಆಯುಷ್ಯ ಕಳೆದವನು ನಾನು. ಹೆಸರು ಶೀನ. ನನ್ನ ಬಗ್ಗೆ ಇಷ್ಟು ಸಾಕು. ಹೇಳಬೇಕಾದದ್ದು ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದ ಶೈಲೇಶನ ಕತೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹುಡುಕಿದರೂ ದೇವಸ್ಥಾನದ ಸಂಬಳ ತಿನ್ನುವ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗ ಅವನೊಬ್ಬನೇ ಇದ್ದನೆಂದು ಕಾಣುತ್ತದೆ. ಆ ಉದ್ದನೆಯ ಹೆಸರು ನಮ್ಮ ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಅರ್ಚಕರು ಕಂಪ್ಯೂಟರನ್ನು ಪೆಟ್ಟಿಗೆ ಎಂದು, ಅವನನ್ನು ‘ಪೆಟ್ಟಿಗೆ ಮಾಣಿ’ ಎಂದು ಕರೆದರು, ಊರೂ ಅದನ್ನೇ ಹಿಡಿಯಿತು.

ಮೊದಲು ಹರಕೆ ಆಟದ ವಿಷಯ ಹೇಳುತ್ತೇನೆ. ಆಟ ಎಂದರೆ ನಮ್ಮಲ್ಲಿ ಯಕ್ಷಗಾನ. ನಮ್ಮ ಕಡೆ ಕಷ್ಟ ಬಂದವರು ಅಮ್ಮನಿಗೆ ಹರಕೆ ಹೇಳಿಕೊಳ್ಳುತ್ತಾರೆ. ದೋಣಿ ಸುಖವಾಗಿ ಬಂದರೆ, ಮಗಳಿಗೆ ಗಂಡು ಸಿಕ್ಕಿದರೆ, ಅಪ್ಪನ ಕೆಮ್ಮು ನಿಂತರೆ ಮನೆಯೆದುರು ನಿನ್ನ ಮೇಳದ ಆಟ ಆಡಿಸುತ್ತೇವೆ ಎಂದು. ಅಮ್ಮನಿಗೆ ಇರುವುದು ನಾಲ್ಕು ಮೇಳ. ದೀಪಾವಳಿ ಕಳೆದು ಹೊರಟರೆ ಮಳೆಗಾಲ ಬರುವವರೆಗೆ ಒಂದೊಂದು ಮೇಳಕ್ಕೆ ರಾತ್ರಿಗೊಂದು ಆಟ. ಆದರೆ ಅಮ್ಮ ಬಹಳ ಧಾರಾಳಿ. ಆಟ ಆಡಿ ಮುಗಿಸುವುದಕ್ಕಿಂತ ಬೇಗ ಜನರ ಕಷ್ಟ ಬಗೆಹರಿಸುತ್ತಿದ್ದಳು. ಹಾಗಾಗಿ ಸರದಿಯ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ಬುಕ್ ಮಾಡಿದವರಿಗೆ ನಾನು ಒಂದು ನಂಬ್ರ ಬರೆದು ಕೊಡುತ್ತಿದ್ದೆ. ಯಾವಾಗ ಎಂದು ಕೇಳಿದರೆ, "ಅಮ್ಮ ಕರ್ದಾಗ" ಎನ್ನುತ್ತಿದ್ದೆ. ಅವರು ಕೈ ಮುಗಿದು ಹೋಗುತ್ತಿದ್ದರು. ಎಲ್ಲರಿಗೂ ನೆಮ್ಮದಿ ಇತ್ತು.

ಆ ನೆಮ್ಮದಿಗೆ ಕಲ್ಲು ಹಾಕಿದವರು ನಮ್ಮ ಮ್ಯಾನೇಜರ್ ರವಿರಾಜ್ ಶೆಟ್ಟರು. ೧೯೯೯ರಲ್ಲಿ ಅವರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಎಲ್ಲ ಸರದಿಯನ್ನೂ ಡೇಟಾಬೇಸ್ ಮಾಡಿಸುತ್ತೇನೆಂದು ಹೊರಟರು. ಆ ಕೆಲಸಕ್ಕೆ ಬಂದವನೇ ಕಿರಿಮಂಜೇಶ್ವರದ ಕಡಲ ಬದಿಯ ಶೈಲೇಶ. ಅಪ್ಪನ ಹೆಸರು ಗುಡ್ಡ, ದೋಣಿಗೆ ಹೋಗುತ್ತಿದ್ದರು, ತಾಯಿ ವನಜ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಹುಡುಗ ಬಿ.ಎಸ್ಸಿ. ಮುಗಿಸಿ ಉಡುಪಿಯಲ್ಲಿ ಯಾವುದೋ ಡೇಟಾಬೇಸ್ ಕೋರ್ಸು ಮಾಡಿ, ಒಂದು ವರ್ಷ ಅರ್ಜಿ ಹಾಕುತ್ತ ಮನೆಯಲ್ಲಿದ್ದ. ಆ ವರ್ಷದಲ್ಲಿ ವನಜ ನಮ್ಮ ಅಮ್ಮನ ಎದುರು ನಿಂತು ಹರಕೆ ಹೇಳಿದ್ದರು. ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಆಕೆಯ ಪಿಸುಮಾತು ಎಂದರೆ ಮೂರು ಮನೆಗೆ ಕೇಳುವಂಥದ್ದು.

"ಅಮ್ಮಾ, ನನ್ ಮಗನಿಗೆ ಮೀನ್ ವಾಸ್ನಿ ಇಲ್ದಿದ್ ಕೆಲ್ಸ ಒಂದ್ ಕೊಡು. ನಿನ್ ಆಟ ಆಡ್ಸ್ತೆ. ಆಟ ಆಡ್ಸ್ದೆ ಈ ಕೈಯಂಗೆ ಅವನ್ ಮದಿ ಮಾಡ್ಸುದಿಲ್ಲೆ, ಕಾಣ್!"

ಮದಿ ಎಂದರೆ ಮದುವೆ; ಆಟ ಆಗದೆ ತನ್ನ ಕೈಯಿಂದ ಮಗನ ಮದುವೆ ಮಾಡಿಸುವುದಿಲ್ಲ ಎಂಬ ಮಾತು. ಅಮ್ಮ ಕೆಲಸ ಕೊಟ್ಟಳು. ಬೇರೆಲ್ಲೂ ಹುಡುಕುವ ತಾಪತ್ರಯ ಬೇಡವೆಂದು ತನ್ನ ಆಫೀಸಿನಲ್ಲೇ ಕೊಟ್ಟಳು.

ಮೂರು ತಿಂಗಳು ಶೈಲೇಶ ತಲೆ ಎತ್ತಲಿಲ್ಲ. ಹರಕೆ ಹೇಳಿದವರು ಒಂದು ಟೇಬಲ್, ಮೇಳಗಳು ಒಂದು ಟೇಬಲ್, ರಾತ್ರಿಗಳು ಒಂದು ಟೇಬಲ್ ಎಂದು ಜೋಡಿಸಿದ. ಟೇಬಲ್ ಎಂದರೆ ಅವನ ಭಾಷೆಯಲ್ಲಿ ಪಟ್ಟಿ. ಒಂದು ಮೇಳಕ್ಕೆ ಒಂದು ರಾತ್ರಿ ಎರಡು ಆಟ ಬೀಳದ ಹಾಗೆ ನಿಯಮ ಕಟ್ಟಿದ. "ಶೀನಣ್ಣ, ಇನ್ನ್ ನೀವ್ ತಪ್ಪ್ ಬರೂಕ್ ಹೋರೂ ಅದ್ ಬಿಡುದಿಲ್ಲೆ" ಎಂದು ನನಗೆ ಹೇಳಿದ. ಇಪ್ಪತ್ತು ವರ್ಷ ತಪ್ಪಿಲ್ಲದೆ ಬರೆದವನಿಗೆ ಹೇಳುವ ಮಾತೇ ಇದು? ಆ ಇಡೀ ವಾರ ಅವನಿಗೆ ಚಹಾ ಹೇಳಲಿಲ್ಲ.

ಎಲ್ಲ ತುಂಬಿದ ಮೇಲೆ ಶೆಟ್ಟರು, "ಹೊಸ್ತಾಗಿ ಬಂದವ್ರಿಗೆ ಯಾವ್ ವರ್ಷ ಅಂದ್ ತೋರ್ಸುಕಾತ್ತಾ?" ಎಂದು ಕೇಳಿದರು. ಶೈಲೇಶ ಅದಕ್ಕೊಂದು ಕ್ವೆರಿ ಬರೆದ. ಕ್ವೆರಿ ಎಂದರೆ ಪೆಟ್ಟಿಗೆಗೆ ಕೇಳುವ ಪ್ರಶ್ನೆ. ಅದೇ ದಿನ ವನಜ ತೆಂಗಿನಕಾಯಿ ಹಿಡಿದುಕೊಂಡು, ಹರಕೆ ಆಟ ಬುಕ್ ಮಾಡಲು ಬಂದರು. ಮಗ ತನ್ನ ಕೈಯಿಂದಲೇ ತಾಯಿಯ ಹೆಸರು ಹಾಕಿ ಗುಂಡಿ ಒತ್ತಿದ. ಪರದೆ ನೋಡಿದ. ಮತ್ತೊಮ್ಮೆ ಒತ್ತಿದ.

"ಎಂತ ಬಂತ್ ಮಗಾ?"

"ಎರ್ಡ್ ಸಾವ್ರದ್ ಇಪ್ಪತ್ನಾಕ್."

"ಅದ್ ನಂಬ್ರವಾ?"

"ಅಲ್ಲ ಅಬ್ಬೀ, ಇಸ್ವಿ."

ವನಜ ಬೆಂಚಿನ ಮೇಲೆ ಕುಳಿತರು. ಮಗನಿಗೆ ಆಗ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕನೇ ಇಸವಿಗೆ ಎಷ್ಟಾಗುತ್ತದೆ ಎಂದು ಆಕೆ ಬೆರಳು ಮಡಚಿ ಎಣಿಸಿದರು. ಕೈಯ ಬೆರಳು ಸಾಲದೆ ಕಾಲಿನದ್ದಕ್ಕೆ ಹೋದರು, ಅದೂ ಸಾಲಲಿಲ್ಲ. ಕೊನೆಗೆ ಎದ್ದು ನಿಂತು ಕಂಪ್ಯೂಟರಿಗೆ ಬೆರಳು ತೋರಿಸಿದರು.

"ಈ ಹಾಳಾದ್ದ್ ಬಪ್ಪುಕ್ ಮುಂಚೆ ಯಾರಿಗೂ ಇಷ್ಟ್ ತಡ ಆತಿರ್ಲಿಲ್ಲೆ!"

ಅದು ವನಜರೊಬ್ಬರ ಮಾತಾಗಿ ಉಳಿಯಲಿಲ್ಲ. ಆ ಮಳೆಗಾಲವಿಡೀ ನಾನು ಅದನ್ನೇ ಕೇಳಿದೆ. ಕೆರಾಡಿಯಿಂದ ಒಬ್ಬರು ಬಂದು, ಹಿಂದೆ ಶೀನಣ್ಣ ಬರೆಯುವಾಗ ಆಟ ಬೇಗ ಬರುತ್ತಿತ್ತು, ಈಗ ಪೆಟ್ಟಿಗೆ ನಮ್ಮನ್ನು ಹಿಂದೆ ನೂಕಿದೆ ಎಂದು ಜಗಳ ತೆಗೆದರು. ನಾನು ಅಲ್ಲಗಳೆಯಲಿಲ್ಲ. ಯಾಕೆ ಅಲ್ಲಗಳೆಯಬೇಕು? ನನಗೆ ಒಳ್ಳೆಯ ಹೆಸರು ಬರುವುದೇ ಅಪರೂಪ.

ಶೈಲೇಶನ ಸ್ವಭಾವ ಹೇಳಿಬಿಡುತ್ತೇನೆ. ಸಾಧು, ಆದರೆ ತನ್ನ ಟೇಬಲ್ಲುಗಳ ವಿಷಯಕ್ಕೆ ಬಂದರೆ ಕಟ್ಟಾ ಜಗಳಗಂಟ. ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರು ಎಂಬುದು ತಾನಾಗಿಯೇ ದಾಖಲಾಗುವಂತೆ ಮಾಡಿದ್ದ. ಅದಕ್ಕೆ ಲಾಗ್ ಎಂದು ಹೆಸರು. ಆಫೀಸಿಗೆ ಬೆಂಕಿ ಬಿದ್ದರೆ ಎಂಬ ಹೆದರಿಕೆಯಲ್ಲಿ ವಾರಕ್ಕೊಮ್ಮೆ ಇಡೀ ಡೇಟಾಬೇಸನ್ನು ಸಿ.ಡಿ.ಗೆ ಇಳಿಸಿ ಮನೆಗೆ ಒಯ್ಯುತ್ತಿದ್ದ. ಮನೆಯಲ್ಲಿ ನೀರು ಸೋರದ, ಇಲಿ ಹೋಗದ ಜಾಗ ಒಂದೇ ಇತ್ತು, ತಾಯಿ ಒಣಮೀನು ಇಡುವ ತಗಡಿನ ಟ್ರಂಕು. ಒಮ್ಮೆ ಆ ಸಿ.ಡಿ.ಯನ್ನು ಆಫೀಸಿಗೆ ತಂದಾಗ ಅರ್ಚಕರು ಮೂಗು ಮುಚ್ಚಿಕೊಂಡು ಗರ್ಭಗುಡಿಗೆ ಓಡಿದರು. ಅಮ್ಮನ ಇಡೀ ಸರದಿಗೆ ಒಣ ಬಂಗುಡೆಯ ವಾಸನೆ ಹಿಡಿದಿತ್ತು. ಮೀನಿನ ವಾಸನೆ ಇಲ್ಲದ ಕೆಲಸ ಬೇಡಿದ ವನಜರ ಹರಕೆಯಲ್ಲಿ ಅಷ್ಟು ಭಾಗ ಈಡೇರಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ವರ್ಷಗಳು ಹೋದವು. ಶೈಲೇಶನ ಜೊತೆಯವರಿಗೆಲ್ಲ ಮದುವೆಯಾಯಿತು, ಮಕ್ಕಳಾದವು. ಅವನಿಗೆ ಬಂದ ಸಂಬಂಧಗಳೆಲ್ಲ, "ಆಟ ಯಾವಾಗ?" ಎಂದು ಕೇಳಿ ಇಸವಿ ತಿಳಿದ ಕೂಡಲೇ ಚಹಾ ಅರ್ಧಕ್ಕೆ ಬಿಟ್ಟು ಎದ್ದವು. ವನಜ ಎರಡು ಕಡೆಯಿಂದಲೂ ಬೇಯುತ್ತಿದ್ದರು. ಮಗನ ಮದುವೆ ಮಾಡಬೇಕೆಂಬ ಆಸೆ ಬೆಟ್ಟದಷ್ಟು, ಅಮ್ಮನಿಗೆ ಕೊಟ್ಟ ಮಾತಿನ ಭಯ ಅದಕ್ಕಿಂತ ಒಂದು ಹಿಡಿ ಜಾಸ್ತಿ. ಮಗನ ಬೆನ್ನು ಬಿದ್ದರು.

"ಬೀಗದ್ ಕೈ ನಿನ್ ಹತ್ರವೇ ಇತ್ತಲ! ನಮ್ ಸಾಲ್ ಒಂಚೂರ್ ಮುಂದೆ ತಂದ್ ಹಾಕೂಕೆ ನಿಂಗೆಂತ ದಾಡಿ?"

"ನಾ ಬದ್ಲ್ಸ್ದೆ ಅಂದ್ ಲಾಗಂಗೆ ಬತ್ತ್ ಅಬ್ಬೀ."

"ಅದ್ನ ಒರ್ಸ್."

"ಒರ್ಸ್ದೆ ಅಂದ್ಲೂ ಬತ್ತ್."

"ಎಂಥ ಚಾಡಿ ಪೆಟ್ಗಿ ಮಾರಾಯ!" ಎಂದು ವನಜ ನನ್ನ ಕಡೆ ತಿರುಗಿದರು. ಆ ಹುಡುಗ ಮನಸ್ಸು ಮಾಡಿದರೆ ಒಂದೇ ಸಾಲಿನ ಆಜ್ಞೆಯಲ್ಲಿ ಮರುವರ್ಷವೇ ಮದುಮಗನಾಗಬಹುದಿತ್ತು. ಮಾಡಲಿಲ್ಲ. ಮಾಡಿದ್ದರೆ ನಾನು ಕಂಡೂ ಕಾಣದಂತಿರುತ್ತಿದ್ದೆ, ಅದನ್ನು ಅವನಿಗೆ ಎರಡು ಸಲ ಸೂಚಿಸಿಯೂ ಇದ್ದೆ. ಅವನಿಗೆ ಮೂವತ್ತು ದಾಟಿತು, ತಲೆಯ ಕೂದಲು ತೆಳುವಾಯಿತು. ನನಗೇ ಸಂಕಟವಾಗುತ್ತಿತ್ತು.

ಇಂಥ ಶುದ್ಧಹಸ್ತನೂ ಒಂದು ಸಲ ಎಡವಿದ. ೨೦೦೭ರಲ್ಲಿ ಅವನಿಗೆ ಡೇಟಾಬೇಸ್ ತೊಳೆಯುವ ಉಮೇದು ಬಂತು. ಒಂದೇ ಹೆಸರು, ಒಂದೇ ಮನೆ, ಎರಡು ಬುಕಿಂಗ್ ಇದ್ದರೆ ಎರಡು ಸಲ ಬರೆದದ್ದು ಎಂದು ತಿಳಿದು ನಾನು ಬರೆದಿದ್ದ ಹಳೆಯದನ್ನು ತೆಗೆದುಹಾಕಿದ. ನನ್ನ ಕೈಬರಹದ ಮೇಲೆ ಅವನಿಗೆ ಅಷ್ಟು ನಂಬಿಕೆ! ಆದರೆ ನಮ್ಮ ಕಡಲ ಬದಿಯಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಅವನ ಅಪ್ಪ ಗುಡ್ಡನಿಗೂ ಅಜ್ಜನದೇ ಹೆಸರು. ಹುಟ್ಟಿದಾಗಿನಿಂದ ಕಂಡ ಸಂಗತಿ ಪರದೆಯ ಎದುರು ಕೂತ ಕೂಡಲೇ ಅವನಿಗೆ ಮರೆತುಹೋಯಿತು.

ಮರುವರ್ಷ ಮಳೆಗಾಲದಲ್ಲಿ, ದೀಪಾವಳಿಯ ನಂತರದ ತಿರುಗಾಟದಲ್ಲಿ ಆಟ ಇರುವವರಿಗೆಲ್ಲ ನಾವು ಕಾಗದ ಹಾಕಿದೆವು. ಒಂದು ಬೆಳಿಗ್ಗೆ ಕೊಡೆ ಮಡಚುತ್ತ ಒಬ್ಬಳು ಹೆಣ್ಣು ಒಳಗೆ ಬಂದಳು. ತೆಕ್ಕಟ್ಟೆ ಕಡೆಯವಳು, ಹೆಸರು ನವ್ಯಾ, ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ.

"ಹ್ವಾಯ್, ನಮ್ ಅಜ್ಜನ್ ಆಟ ಎಲ್ಲಿಗ್ ಹೋಯ್ತ್? ನಮ್ಮಿಂದ್ ಹಿಂದಿನ್ ನಂಬ್ರದವ್ರಿಗೆ ಕಾಗ್ದ ಬಂದಿತ್ತ್, ನಮ್ಗ್ ಇಲ್ಲೆ."

ಅವಳ ಅಜ್ಜ ನಾಗ, ಗಾಳಿಗೆ ಸಿಕ್ಕಿದ ದೋಣಿ ದಡ ಮುಟ್ಟಿದ್ದಕ್ಕೆ ಬಹಳ ಹಿಂದೆಯೇ ಆಟ ಬುಕ್ ಮಾಡಿದ್ದರು. ಈಗ ಅವರಿಲ್ಲ. ಅವಳ ತಮ್ಮನೂ ನಾಗ, ದುಬೈ ವೀಸಾ ಸಿಕ್ಕಿದ್ದಕ್ಕೆ ಎರಡು ವರ್ಷದ ಹಿಂದೆ ಇನ್ನೊಂದು ಬುಕ್ ಮಾಡಿದ್ದ. ಪೆಟ್ಟಿಗೆಯಲ್ಲಿ ಈಗ ಒಬ್ಬನೇ ನಾಗ ಇದ್ದ, ದುಬೈಯವನು.

"ಡೂಪ್ಲಿಕೇಟ್ ಅಂದ್ ತೆಗ್ದದ್ ಆಯ್ಕ್" ಎಂದು ಶೈಲೇಶ ಸಣ್ಣ ದನಿಯಲ್ಲಿ ಹೇಳಿದ.

"ಹೆಸ್ರ್ ಕಂಡ್ಕಂಡ್ ತೆಗ್ದದ್ದಾ? ಪ್ರತಿ ಬುಕಿಂಗಿಗೂ ಬೇರೆ ಬೇರೆ ನಂಬ್ರ ಇತ್ತಲ, ಅದ್ ಕಾಂಬುದಲ್ದಾ? ನನ್ ಒಂಬತ್ನೇ ಕ್ಲಾಸಿನ್ ಮಕ್ಳಿಗೂ ಗೊತ್ತಿತ್ತ್ ಅದ್!"

ಒಂಬತ್ತು ವರ್ಷದಲ್ಲಿ ಅವನ ಟೇಬಲ್ಲುಗಳ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಆಕೆ. ಬೈಗುಳ ತಿನ್ನುತ್ತಿದ್ದವನ ಮುಖದಲ್ಲಿ ಬೆಳಕು ಮೂಡುವುದನ್ನು ನಾನು ಅಂದು ಕಣ್ಣಾರೆ ಕಂಡೆ. ಶೆಟ್ಟರು ಗಾಬರಿಯಾಗಿ, ಯಾವ ನಾಗ ನಿಜ ಎಂದು ಅಮ್ಮನ ಹತ್ತಿರ ಹೂವಿನ ಪ್ರಸಾದ ಕೇಳೋಣ ಎಂದರು. ಶೈಲೇಶ, "ಬ್ಯಾಡ ಶೆಟ್ರೆ, ಮನೆಂಗ್ ಇತ್ತ್" ಎಂದವನೇ ಬೈಕು ಹತ್ತಿ ಕಿರಿಮಂಜೇಶ್ವರಕ್ಕೆ ಹೋಗಿ, ತೊಳೆಯುವುದಕ್ಕೆ ಮುಂಚಿನ ಸಿ.ಡಿ. ಟ್ರಂಕಿನಿಂದ ತೆಗೆದು ತಂದ. ಮಧ್ಯಾಹ್ನದೊಳಗೆ ಅಜ್ಜ ನಾಗ ತನ್ನ ಜಾಗಕ್ಕೆ ಮರಳಿದರು, ಬರುವ ಜನವರಿಯ ಆಟ. ನವ್ಯಾ ಸಿ.ಡಿ.ಯನ್ನು ಮೂಗಿನ ಹತ್ತಿರ ತಂದು, "ಬಂಗ್ಡಿ!" ಎಂದು ನಕ್ಕಳು. ಅವಳ ಮನೆಯೂ ಕಡಲ ಬದಿಯದೇ.

ತಪ್ಪು ಒಪ್ಪಿಕೊಳ್ಳಬೇಕೆಂದು ಶೈಲೇಶ ಆ ಭಾನುವಾರ ತೆಕ್ಕಟ್ಟೆಗೆ ಹೋದ. ಮುಂದಿನ ಭಾನುವಾರವೂ ಹೋದ. ಒಂದು ತಪ್ಪಿಗೆ ಎಷ್ಟು ಭಾನುವಾರ ಬೇಕು ಎಂದು ನಾನು ಕೇಳಿದ್ದಕ್ಕೆ ಕಿವಿಯವರೆಗೆ ಕೆಂಪಾದ. ಜಾತಿ, ಗೋತ್ರದಂಥ ಬಳಿ, ಜಾತಕ ಎಲ್ಲ ಕೂಡಿ ಬಂತು. ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಉಳಿದದ್ದು ಆ ಒಂದು ಇಸವಿ.

ಉಪಾಯ ಹೊಳೆದದ್ದು ನನಗೆ. ನಮ್ಮ ಮೇಳದಲ್ಲಿ ಒಂದು ಪದ್ಧತಿ ಇದೆ. ನೆಂಟರಾದವರು ಎರಡು ಮನೆಯ ಹರಕೆಯನ್ನು ಒಂದೇ ಆಟದಲ್ಲಿ ಒಪ್ಪಿಸಬಹುದು. ನವ್ಯಾಳ ಅಜ್ಜನ ಆಟ ಜನವರಿಯಲ್ಲಿ ಇದೆಯಲ್ಲ, ವನಜರ ಹರಕೆಯನ್ನೂ ಅದಕ್ಕೇ ಸೇರಿಸಿದರಾಯಿತು! ಶೆಟ್ಟರು ತಲೆಯಾಡಿಸಿದರು. ನೆಂಟರಾದರೆ ಅಡ್ಡಿಯಿಲ್ಲ, ಆದರೆ ಇವರು ಇನ್ನೂ ನೆಂಟರಲ್ಲವಲ್ಲ. ನಿಶ್ಚಿತಾರ್ಥ ಆದರೆ ಸಾಕೇ ಎಂದು ಅರ್ಚಕರನ್ನು ಕೇಳಿದೆವು. "ಧಾರೆ ಎರೆಯದೆ ಸಂಬಂಧ ಹೇಗಾಗ್ತದೆ?" ಎಂದರು ಅವರು. ಶೈಲೇಶನಿಗೆ ಮಾತ್ರ ನಿಯಮ ಸಡಿಲಿಸಿದರೆ ನಾಳೆ ಇಡೀ ತಾಲೂಕು ಒಬ್ಬರಿಗೊಬ್ಬರು ನೆಂಟರಾಗಿ ಬಿಡುತ್ತದೆ ಎಂದು ಶೆಟ್ಟರ ವಾದ. ಅಲ್ಲದೆ ‘ಸಂಬಂಧ’ ಎಂಬ ಅಂಕಣ ತುಂಬದೆ ಎರಡು ಹರಕೆ ಸೇರಿಸಲು ಡೇಟಾಬೇಸು ಬಿಡುವುದಿಲ್ಲ. ಹಾಗೆ ಬಿಡದಂತೆ ಕಟ್ಟಿದ ಮಹಾನುಭಾವ ಶೈಲೇಶನೇ.

ಸರಿ, ಮೊದಲು ಮದುವೆ ಮಾಡಿ ಎಂದರೆ ವನಜ, "ಆಟ ಆಗ್ದೆ ಮದಿ ಇಲ್ಲೆ" ಎಂದರು. ಮೊದಲು ಆಟ ಎಂದರೆ ಶೆಟ್ಟರು, "ಮದಿ ಆಗ್ದೆ ಆಟ ಇಲ್ಲೆ" ಎಂದರು. ಇಡೀ ಒಂದು ವಾರ ನಾನು ಆ ಬಾಗಿಲಿಂದ ಈ ಬಾಗಿಲಿಗೆ ತಿರುಗಿ ಚಪ್ಪಲಿ ಸವೆಸಿದೆ.

ಎಂಟನೇ ದಿನ ಶೈಲೇಶ ಕುರ್ಚಿಯಿಂದ ಎದ್ದು ನಿಂತು, "ಶೀನಣ್ಣ, ಇದ್ ಡೆಡ್‌ಲಾಕ್!" ಎಂದ. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ಅಲ್ಲ, ಅವನ ಕಸುಬಿನಲ್ಲಿ ನಿಜವಾಗಿಯೂ ಹಾಗೊಂದು ಕಾಯಿಲೆ ಇದೆಯಂತೆ. ಅದನ್ನು ಮನೆಯವರಿಗೆ ತಿಳಿಸಿ ಹೇಳಲು ಆ ಸಂಜೆ ನನ್ನನ್ನೂ ಕಿರಿಮಂಜೇಶ್ವರಕ್ಕೆ ಕರೆದುಕೊಂಡು ಹೋದ.

ಗುಡ್ಡ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಆ ಮನುಷ್ಯ ಬಾಯಿ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ವನಜ ಇರುವ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಇರಲಿಲ್ಲ. ಶೈಲೇಶ ತಾಯಿಯ ಎದುರು ಕುಕ್ಕುರುಗಾಲಲ್ಲಿ ಕೂತು ಹಳ್ಳ ದಾಟುವ ಕಾಲುಸೇತುವೆಯ ಉಪಮೆ ತೆಗೆದ.

"ಅಬ್ಬೀ, ತೋಡಿಗ್ ಒಂದ್ ಸಂಕ ಹಾಕಿರ್ ಅಂದ್ ಮಾಡ್ಕೊ. ಒಬ್ರೇ ಹೋಪಷ್ಟ್ ಅಗಲ. ಈ ಬದಿಂದ್ ಒಬ್ಬ ಹೊರಿ ಹೊತ್ಕಂಡ್ ಬಂದ, ಆ ಬದಿಂದ್ ಇನ್ನೊಬ್ಬ ಬಂದ. ಮಧ್ಯದಂಗೆ ಎದ್ರ್-ಎದ್ರ್ ಆದ್ರ್. ನೀ ಹಿಂದೆ ಹೋಗ್ ಅಂತ ಇವ, ನೀ ಹೋಗ್ ಅಂತ ಅವ. ಎಂತ ಮಾಡ್ತ್ರ್?"

"ಕತ್ತಲಿ ಆಪಲ್ಲಿ ವರಿಗೆ ನಿಂತ್ಕಂತ್ರ್" ಎಂದರು ವನಜ.

"ಹಾಂ! ಅದೇ ಡೆಡ್‌ಲಾಕ್. ನಮ್ ಡೇಟಾಬೇಸಂಗೂ ಆತ್ತ್. ಆಗ ಅದ್ ಎಂತ ಮಾಡತ್ತ್ ಅಂದ್ರೆ, ಇಬ್ರಂಗೆ ಒಬ್ನನ್ನ ಆರ್ಸಿ ತೋಡಿಗ್ ನೂಕತ್ತ್. ಇನ್ನೊಬ್ಬ ದಾಟಿ ಹೋತ. ಬಿದ್ದವ ಎದ್ಕಂಡ್ ಬಂದ್ ಮತ್ತೆ ದಾಟುದ್."

"ಯಾರನ್ ನೂಕುದ್?"

"ಕಮ್ಮಿ ಹೊರಿ ಹೊತ್ತವ್ರನ್ನ."

ವನಜ ಗಂಡನ ಕಡೆ ಓರೆಗಣ್ಣಿನಲ್ಲಿ ನೋಡಿ, "ಹಾಂಗಾರೆ ಈ ಮನೆಂಗೆ ಹುಡ್ಕುದೇ ಬ್ಯಾಡ" ಎಂದರು. ನಾನು ನಗು ತಡೆಯಲಾರದೆ ಕೆಮ್ಮಿದೆ.

ಬಲೆಯ ಮೇಲೆ ಓಡುತ್ತಿದ್ದ ಗುಡ್ಡರ ಕೈ ನಿಂತಿತು. ಅವರು ತಲೆ ಎತ್ತದೆಯೇ ಮಾತಾಡಿದರು.

"ಹರ್ಕಿ ಹೇಳ್ದವ್ಳ್ ನೀನ್. ‘ಈ ಕೈಯಂಗೆ ಮದಿ ಮಾಡ್ಸುದಿಲ್ಲೆ’ ಅಂದದ್ದ್ ನೀನ್. ನಾನ್ ಅಮ್ಮನ್ ಹತ್ರ ಎಂತದೂ ಹೇಳ್ಲಿಲ್ಲೆ. ನನ್ ಕೈ ಖಾಲಿಯೇ ಇತ್ತ್. ಮಗನ್ ಮದಿ ನಾನ್ ಮಾಡ್ಸ್ತೆ."

ಮೂರೂ ಜನ ಅವರನ್ನೇ ನೋಡಿದೆವು. ಒಂಬತ್ತು ವರ್ಷ ಆ ಜಗಲಿಯಲ್ಲಿ ಕೂತು ಇದನ್ನೇ ಯೋಚಿಸಿರಬೇಕು, ಹೇಳಲು ಸಂದು ಸಿಕ್ಕಿರಲಿಲ್ಲ.

"ಮತ್ತೆ ನಾನ್?" ಎಂದರು ವನಜ.

"ನೀನ್ ಕೂಕೊ. ಒಂದ್ ಕಡ್ಡಿ ಮುಟ್ಟುಕಾಗ."

ವನಜರ ಮುಖ ಇಳಿದುಹೋಯಿತು. ಆಗ ನನಗೆ ನಗು ಬರಲಿಲ್ಲ. ಮಗ ತೊಟ್ಟಿಲಲ್ಲಿದ್ದಾಗಿನಿಂದ ಅವನ ಮದುವೆಯನ್ನು ಮನಸ್ಸಿನಲ್ಲಿ ನೂರು ಸಲ ಮಾಡಿಸಿದ ಹೆಂಗಸು ಆಕೆ. ಯಾವ ಸೀರೆ ಉಡಬೇಕು, ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತುವಾಗ ಏನು ಹಾಡಬೇಕು ಎಂಬುದನ್ನೆಲ್ಲ ಬುಟ್ಟಿ ಹೊತ್ತ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯಾಗಿತ್ತು. ಅದನ್ನೇ ಬಿಡು ಎಂದರೆ ಅವರಿಗೆ ಉಳಿಯುವುದೇನು? ಶೈಲೇಶ, "ಬ್ಯಾಡ ಅಬ್ಬೀ, ಬೇರೆ ಎಂತಾರೂ ಕಾಂಬ" ಎಂದ.

ವನಜ ಸೆರಗಿನಿಂದ ಮೂಗು ಒರೆಸಿಕೊಂಡರು. "ಎಂತ ಕಾಂಬ್ದ್? ನಿನ್ ತಲೆಂಗೆ ಇಪ್ಪ ನಾಕ್ ಕೂದ್ಲೂ ಉದ್ರುಲ್ಲಿ ವರಿಗಾ? ಅಡ್ಡಿಲ್ಲೆ. ನನ್ನನ್ನೇ ನೂಕಿ. ಕಡಲ್ ಬದಿಯವ್ಳ್ ನಾನ್, ಒದ್ದಿ ಆರೆ ಸಾಯುದಿಲ್ಲೆ."

ಡಿಸೆಂಬರಿನಲ್ಲಿ ತೆಕ್ಕಟ್ಟೆಯ ಕಲ್ಯಾಣಮಂಟಪದಲ್ಲಿ ಮದುವೆ ನಡೆಯಿತು. ವನಜ ಮದುವೆಗೆ ಬಂದವರಂತೆ ಬಂದು ಕೊನೆಯ ಸಾಲಿನ ಕುರ್ಚಿಯಲ್ಲಿ, ಎರಡೂ ಕೈ ಸೆರಗಿನೊಳಗೆ ಸುತ್ತಿ ಕುಳಿತರು. ಯಾರೋ ಅಕ್ಷತೆ ತಂದರೆ, "ನಂಗ್ ಬ್ಯಾಡ, ನಾನ್ ಮುಟ್ಟುಕಾಗ" ಎಂದು ಮುಖ ತಿರುಗಿಸಿದರು. ವೇದಿಕೆಯ ಮೇಲೆ ಗುಡ್ಡ ಇಸ್ತ್ರಿ ಮಾಡಿದ ಪಂಚೆಯಲ್ಲಿ ಗಾಳಿಗೆ ಸಿಕ್ಕಿದ ದೋಣಿಯಂತೆ ಅತ್ತಿತ್ತ ತೂಗುತ್ತಿದ್ದರು. ಪುರೋಹಿತರು ಕರಿಮಣಿ ಕೇಳಿದರು. ಗುಡ್ಡ ತಟ್ಟೆ ಹುಡುಕಿದರು, ಚೀಲ ಹುಡುಕಿದರು, ಹೆಣ್ಣಿನ ಕಡೆಯವರ ಮುಖ ಹುಡುಕಿದರು.

"ನಿಮ್ ಅಂಗಿ ಜೇಬಂಗೇ ಇತ್ತ್!" ಎಂಬ ಕೂಗು ಮಂಟಪದ ಕೊನೆಯಿಂದ ಬಂತು. ವಾಲಗದವರೂ ನಿಲ್ಲಿಸಿದರು.

ನಾನು ಓಡಿ ಹೋಗಿ, "ವನಜಕ್ಕ, ಹರ್ಕಿ!" ಎಂದೆ.

"ಹರ್ಕಿ ಕೈಗ್ ಶೀನಣ್ಣ, ಬಾಯಿಗಲ್ಲ" ಎಂದು ಅವರು ಅಲ್ಲಿಂದಲೇ ಇಡೀ ಮದುವೆ ನಡೆಸಿದರು. ಬಾಳೆಲೆ ಯಾವ ಕಡೆ ತಿರುಗಿಸಬೇಕು, ಯಾರಿಗೆ ಮೊದಲು ಉಡುಗೊರೆ, ಪಾಯಸಕ್ಕೆ ಬೆಲ್ಲ ಸಾಲದು, ಎಲ್ಲ ಕೊನೆಯ ಸಾಲಿನಿಂದ ಬಂತು. ಹೆಣ್ಣಿನ ಕಡೆಯ ಮುದುಕರೊಬ್ಬರು ನನ್ನ ಕಿವಿಯಲ್ಲಿ, "ಆ ಬೊಬ್ಬಿ ಹೊಡು ಹೆಂಗ್ಸ್ ಯಾರ್ ಮಾರ್ರೆ, ಕರಿದೇ ಬಂದವ್ಳಾ?" ಎಂದು ಕೇಳಿದರು.

ಮನೆಗೆ ಬಂದ ಮೇಲೆ ನಿಜವಾದ ಸಮಸ್ಯೆ ಎದುರಾಯಿತು. ಸೊಸೆಯನ್ನು ಆರತಿ ಎತ್ತಿ ಹೊಸ್ತಿಲು ದಾಟಿಸುವವರು ಯಾರು? ವನಜ ಮುಟ್ಟುವ ಹಾಗಿಲ್ಲ. ನೆರೆಮನೆಯ ಹೆಂಗಸು ತಟ್ಟೆ ಹಿಡಿದು ಮುಂದೆ ಬಂದರೆ ವನಜ ಅವಳನ್ನು ನೋಡಿದ ನೋಟಕ್ಕೆ ದೀಪ ತಾನಾಗಿಯೇ ಆರಬೇಕಿತ್ತು. ಆಗ ನವ್ಯಾಳೇ ತೀರ್ಮಾನ ಮಾಡಿದಳು.

"ಅತ್ತಿ, ಆಟ ಆಪಲ್ಲಿ ವರಿಗೆ ನಾನ್ ಹಿಂದಿನ್ ಬಾಗ್ಲಂಗೆ ಬತ್ತೆ, ಹೋತೆ. ಮುಂದಿನ್ ಹೊಸ್ಲ್ ನೀವೇ ದಾಟ್ಸಿನಿ."

ಒಂದು ತಿಂಗಳು ಆ ಹುಡುಗಿ ಮೀನು ಕೊಯ್ಯುವ ಕಲ್ಲಿನ ಪಕ್ಕದಲ್ಲಿ, ಬೆಕ್ಕುಗಳ ನಡುವೆ ಸೀರೆ ಎತ್ತಿ ಹಿಡಿದು ಹಿತ್ತಿಲ ಬಾಗಿಲಿನಿಂದಲೇ ಶಾಲೆಗೆ ಹೋಗಿ ಬಂದಳು. ಊರು ಬಾಯಿಗೆ ಬಂದದ್ದು ಆಡಿತು. ವನಜ ಪ್ರತಿ ಸಂಜೆ ಅವಳು ಬರುವ ಹೊತ್ತಿಗೆ ಹಿತ್ತಿಲು ಗುಡಿಸಿ ಇಡುತ್ತಿದ್ದರು.

ಅತ್ತ ಆಫೀಸಿನಲ್ಲಿ ‘ಸಂಬಂಧ’ದ ಅಂಕಣ ತುಂಬಿತು, ಎರಡು ಹರಕೆ ಒಂದಾಯಿತು. ಜನವರಿಯಲ್ಲಿ ತೆಕ್ಕಟ್ಟೆಯಲ್ಲಿ ನವ್ಯಾಳ ಮನೆಯೆದುರಿನ ಗದ್ದೆಯಲ್ಲಿ ಆಟ ನಡೆಯಿತು. ವೇಷ ಕಟ್ಟುವ ಚೌಕಿಯ ಪೂಜೆಯಲ್ಲಿ ಎರಡು ಮನೆಯ ಹೆಸರು ಹೇಳಿ ಪ್ರಸಾದ ಕೊಟ್ಟಾಗ ವನಜ ಸೆರಗಿನಿಂದ ಕೈ ಹೊರಗೆ ತೆಗೆದು ಎರಡೂ ಅಂಗೈ ಒಡ್ಡಿದರು. ಆಮೇಲೆ ಬೆಳಗಿನವರೆಗೆ ಎದುರಿನ ಸಾಲಿನಲ್ಲೇ ಕೂತು ಆಟ ನೋಡಿದರು.

ಬೆಳಿಗ್ಗೆ ಬಾಡಿಗೆಯ ಜೀಪಿನಲ್ಲಿ ಎಲ್ಲ ಕಿರಿಮಂಜೇಶ್ವರಕ್ಕೆ ಬಂದೆವು. ಜೀಪು ನಿಲ್ಲುವ ಮೊದಲೇ ವನಜ ಹಾರಿ ಇಳಿದು ಮನೆಯೊಳಗೆ ಓಡಿದರು. ನವ್ಯಾ ನಿದ್ದೆಗಣ್ಣಿನಲ್ಲಿ ಇಳಿದವಳು ಅಭ್ಯಾಸಬಲದಿಂದ ಸೀರೆ ಎತ್ತಿಕೊಂಡು ಹಿತ್ತಿಲ ಕಡೆಗೆ ತಿರುಗಿದಳು.

"ಹ್ವಾಯ್, ಎಲ್ಲಿಗ್ ಹೋತೆ ಹೆಣೆ? ಇತ್ಲಾಯ್ ಬಾ!"

ವನಜ ಮುಂಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆರತಿ ತಟ್ಟೆ ಇತ್ತು. ಮದುವೆಗೆಂದು ತೆಗೆದು ಉಡದೆ ಇಟ್ಟಿದ್ದ ಸೀರೆಯನ್ನು ಅವಸರದಲ್ಲಿ ಮೈಮೇಲೆ ಸುತ್ತಿಕೊಂಡಿದ್ದರು. ಹಾಡು ಶುರು ಮಾಡಿದರು, ಎರಡನೇ ಸಾಲಿಗೆ ಪದ ತಪ್ಪಿತು. ಜಗಲಿಯಲ್ಲಿ ನಿಂತ ಗುಡ್ಡ ಮುಂದಿನ ಸಾಲನ್ನು ಗುನುಗಿದರು. ಅವರಿಗೆ ಅದು ಬಾಯಿಪಾಠವಾಗಿತ್ತು.

"ಬಲ್ಗಾಲ್ ಮುಂದ್ ಇಡ್ ಮಗಾ" ಎಂದು ಸೊಸೆಯನ್ನು ಒಳಗೆ ಕರೆದುಕೊಂಡು, ವನಜ ತಿರುಗಿ ನನ್ನನ್ನೂ ಮಗನನ್ನೂ ನೋಡಿದರು. ಕೆನ್ನೆ ಒದ್ದೆಯಾಗಿತ್ತು.

"ನಿಮ್ ಚಾಡಿ ಪೆಟ್ಗಿಯಂಗೆ ಬರ್ಕಣಿ. ವನಜನ್ ಮಗನ್ ಮದಿ ಇವತ್ ಆಯ್ತ್."

ಮರುದಿನ ಶೈಲೇಶ ಆಫೀಸಿಗೆ ಬಂದು, ಒಂಬತ್ತು ವರ್ಷ ಒಂದಕ್ಷರ ಬದಲಿಸದೆ ಬಿಟ್ಟಿದ್ದ ತನ್ನ ಮನೆಯ ಸಾಲನ್ನು ತೆರೆದ. ಇಪ್ಪತ್ತನಾಲ್ಕನೇ ಇಸವಿಯ ಆ ರಾತ್ರಿಯನ್ನು ಸರದಿಯಲ್ಲಿ ಹಿಂದಿದ್ದವರಿಗೆ ಬಿಟ್ಟುಕೊಟ್ಟ. ಕೊನೆಯ ಅಂಕಣದಲ್ಲಿ ತಾಯಿ ಹೇಳಿದ ಮಾತನ್ನು ಹಾಗೆಯೇ ಟೈಪು ಮಾಡಿದ. ನಾನು ಅವನ ಭುಜದ ಮೇಲಿನಿಂದ ಬಗ್ಗಿ, "ನೀನೇ ಬದ್ಲ್ಸ್ದೆ ಅಂದ್ ಲಾಗಂಗ್ ಬತ್ತಲ ಮಾರಾಯ?" ಎಂದೆ.

"ಬರ್ಲಿ ಶೀನಣ್ಣ" ಎಂದು ಅವನು ಗುಂಡಿ ಒತ್ತಿದ.